ಜರ್ಮನಿಗೆ ಹೋಗುವುದು ಸರಿ, ಮನೆ ಅಡವಿಡುವುದು ಬೇಡ

ಪ್ರಶ್ನೆ: ನನಗೆ 27 ವರ್ಷ. ಮೆಕ್ಯಾನಿಕಲ್ ವಿಭಾಗದಲ್ಲಿ ಬಿಇ ಮುಗಿಸಿ, 5 ವರ್ಷಗಳಿಂದ ಪೀಣ್ಯದ ಒಂದು ಬಿಡಿಭಾಗ ತಯಾರಿಕಾ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಸಂಬಳ 38,000 ರೂಪಾಯಿ, ಉಳಿತಾಯ ಸುಮಾರು 5 ಲಕ್ಷ. ನಿಶ್ಚಿತಾರ್ಥವಾಗಿದ್ದ ಮದುವೆ ಕಳೆದ ವರ್ಷ ಮುರಿದುಬಿತ್ತು. ಅಂದಿನಿಂದ ಯಾವ ಗೃಹಪ್ರವೇಶಕ್ಕೆ, ಯಾವ ಮುಂಜಿಗೆ ಹೋದರೂ ಜನ ಅದನ್ನೇ ಕೇಳುತ್ತಾರೆ. ನನ್ನ ವಿಷಯ ಯಾರಿಗೂ ಗೊತ್ತಿಲ್ಲದ ಊರಿಗೆ ಹೋಗಿ ಹೊಸದಾಗಿ ಬದುಕು ಶುರು ಮಾಡಬೇಕೆಂದಿದ್ದೇನೆ. ಒಬ್ಬ ಕನ್ಸಲ್ಟೆಂಟ್ ಜರ್ಮನಿಯ ಖಾಸಗಿ ವಿಶ್ವವಿದ್ಯಾಲಯದಲ್ಲಿ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಪದವಿಗೆ ಸೀಟು ಕೊಡಿಸುತ್ತೇನೆ, ವೀಸಾ ಖಚಿತ ಎಂದಿದ್ದಾರೆ. ಬೇಡವಾದರೆ ಕೆನಡಾ ಕೂಡ ಆಗುತ್ತದಂತೆ. ಒಟ್ಟು 30 ಲಕ್ಷ ಬೇಕು. ನಿವೃತ್ತರಾಗಿರುವ ತಂದೆ ಕಾಮಾಕ್ಷಿಪಾಳ್ಯದ ನಮ್ಮ ಮನೆಯನ್ನು ಅಡವಿಡಲು ಒಪ್ಪಿದ್ದಾರೆ. ಈ ತಿಂಗಳ ಕೊನೆಯೊಳಗೆ 50,000 ಮುಂಗಡ ಕಟ್ಟಬೇಕು. ಮೂಲ ಅಂಕಪಟ್ಟಿಗಳು ಆಗಲೇ ಅವರ ಕಚೇರಿಯಲ್ಲಿವೆ. ಮುಂದಿನ ತಿಂಗಳು ರಾಜೀನಾಮೆ ಕೊಡುವವನಿದ್ದೇನೆ. ನನ್ನ ನಿರ್ಧಾರ ಸರಿಯೇ? ಯಾವ ದೇಶ ಒಳ್ಳೆಯದು?
— ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ತುರ್ತಿನ ಮಾತು. ಆ 50,000 ರೂಪಾಯಿಯನ್ನು ಕಟ್ಟಬೇಡಿ, ಮತ್ತು ಮೂಲ ಅಂಕಪಟ್ಟಿಗಳನ್ನು ನಾಳೆಯೇ ಹೋಗಿ ವಾಪಸು ತನ್ನಿ. ಪ್ರವೇಶದ ಅರ್ಜಿಗೆ ಸಾಮಾನ್ಯವಾಗಿ ಸ್ಕ್ಯಾನ್ ಮಾಡಿದ ಪ್ರತಿ ಸಾಕಾಗುತ್ತದೆ. ಮೂಲ ಪತ್ರಗಳನ್ನು ಕನ್ಸಲ್ಟೆಂಟ್ ಇಟ್ಟುಕೊಳ್ಳುವುದಕ್ಕೆ ಯಾವ ಕಾರಣವೂ ಇಲ್ಲ, ನೀವು ಬೇರೆ ಕಡೆ ಹೋಗದಂತೆ ಹಿಡಿದಿಡುವ ಒಂದೇ ಕಾರಣದ ಹೊರತು. ಕೊಡಲು ಸತಾಯಿಸಿದರೆ ಯಾವ ದಿನ ಯಾವ ಪತ್ರಗಳನ್ನು ಒಪ್ಪಿಸಿದಿರಿ ಎಂಬುದನ್ನು ನಮೂದಿಸಿ ಲಿಖಿತವಾಗಿ ಕೇಳಿ, ಅದಕ್ಕೆ ಸ್ವೀಕೃತಿ ಪಡೆಯಿರಿ. ಅಷ್ಟಕ್ಕೂ ಬಗ್ಗದಿದ್ದರೆ ಆ ಪತ್ರದ ಪ್ರತಿಯೊಂದಿಗೆ ಪೊಲೀಸ್ ಠಾಣೆಗೆ ಹೋಗಿ. ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ. ಹೋಗಿ ಎಂದೇ ನನ್ನ ಉತ್ತರ. ದೇಶ ಜರ್ಮನಿಯೇ ಇರಲಿ. ಆದರೆ ಕನ್ಸಲ್ಟೆಂಟ್ ತೋರಿಸಿದ ದಾರಿಯಲ್ಲಿ ಬೇಡ, ಮನೆ ಅಡವಿಟ್ಟು ಬೇಡ, ಮುಂದಿನ ತಿಂಗಳು ಖಂಡಿತ ಬೇಡ. ಸ್ಟುಟ್‌ಗಾರ್ಟ್ ಬಳಿಯ ಕಾರ್ಖಾನೆಗಳಲ್ಲಿ 7 ವರ್ಷ ದುಡಿದು ಬೆಂಗಳೂರಿಗೆ ಮರಳಿದ ಮೇಲೆ ನಿಮ್ಮ ವಯಸ್ಸಿನ ಅನೇಕರಿಗೆ ಈ ವಿಷಯದಲ್ಲಿ ಸಲಹೆ ಹೇಳುತ್ತ ಬಂದಿದ್ದೇನೆ. ಹೋದವರಲ್ಲಿ ನೆಲೆ ಕಂಡವರು ಯಾರು, ಕಾಣದವರು ಯಾರು ಎಂದು ಹಿಂತಿರುಗಿ ನೋಡಿದಾಗ ನನಗೆ ಕಾಣುವ ವ್ಯತ್ಯಾಸ ದೇಶದ್ದಲ್ಲ, ಅವರು ಆ ದೇಶದೊಳಗೆ ಯಾವ ಬಾಗಿಲಿನಿಂದ ಹೋದರು ಎಂಬುದರದ್ದು. ವಿದ್ಯಾರ್ಥಿಯಾಗಿ ಹೋದವನಿಗೆ ಒಂದು ಬಗೆಯ ಬದುಕು, ಕೆಲಸ ಹುಡುಕಲು ಹೋದವನಿಗೆ ಇನ್ನೊಂದು, ಕೈಯಲ್ಲಿ ಕೆಲಸದ ಕರಾರು ಹಿಡಿದು ಹೋದವನಿಗೆ ಮತ್ತೊಂದು. ಯಾವ ಕೆಲಸ ಮಾಡಬಹುದು, ವಾರಕ್ಕೆ ಎಷ್ಟು ಗಂಟೆ ದುಡಿಯಬಹುದು, ಎಷ್ಟು ದಿನ ಇರಬಹುದು, ಹಣ ಎಲ್ಲಿಂದ ಬರಬೇಕು ಎಂಬುದನ್ನೆಲ್ಲ ಮೊದಲ ಕೆಲವು ವರ್ಷ ತೀರ್ಮಾನಿಸುವುದು ನಿಮ್ಮ ಪಾಸ್‌ಪೋರ್ಟಿಗೆ ಅಂಟಿಸಿದ ಆ ಒಂದು ಚೀಟಿ.

ನಿಮ್ಮ ಮುಂದಿರುವ ದಾರಿಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡೋಣ. 30 ಲಕ್ಷ ಸಾಲ, ಶೇ 11ರ ಬಡ್ಡಿ, ತೀರಿಸಲು 10 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 41,300 ರೂಪಾಯಿ ಆಗುತ್ತದೆ. ಓದುವ ಎರಡು ವರ್ಷದ ಬಡ್ಡಿಯೂ ಅಸಲಿಗೆ ಸೇರಿದರೆ ಅದು ಇನ್ನೂ ಏರುತ್ತದೆ. ಈಗ ನಿಮಗೆ ಬರುತ್ತಿರುವ ಇಡೀ ಸಂಬಳಕ್ಕಿಂತ ಇದು ಹೆಚ್ಚು. ಅಂದರೆ ಅಲ್ಲಿ ನಿಮ್ಮ ಓದಿಗೆ ತಕ್ಕ ಕೆಲಸ ಸಿಗದಿದ್ದರೆ, ಸಿಕ್ಕ ಕೆಲಸ ಆರು ತಿಂಗಳ ಪ್ರೊಬೇಷನ್ನಿನಲ್ಲಿಯೇ ಹೋದರೆ, ಇಲ್ಲವೇ ಅಪ್ಪನಿಗೆ ಹುಷಾರಿಲ್ಲವೆಂದು ನೀವು ವಾಪಸು ಬರಬೇಕಾದರೆ, ಪೀಣ್ಯದ ಸಂಬಳದಿಂದ ಆ ಕಂತನ್ನು ಕಟ್ಟಲು ಸಾಧ್ಯವೇ ಇಲ್ಲ. ಆಗ ಹೋಗುವುದು ನಿಮ್ಮ ತಂದೆ ನಿವೃತ್ತಿಯ ನಂತರ ತಲೆ ಮೇಲೆ ಉಳಿಸಿಕೊಂಡಿರುವ ಸೂರು. ನೀವು ಬಯಸುವುದು ಹಳೆಯದರಿಂದ ಒಂದಿಷ್ಟು ದೂರ; ಈ ಸಾಲ ಮಾಡಿದರೆ ಪ್ರತಿ ತಿಂಗಳು 5ನೇ ತಾರೀಖಿಗೆ ಕಾಮಾಕ್ಷಿಪಾಳ್ಯ ನಿಮ್ಮ ಮೊಬೈಲಿನಲ್ಲಿ ಬಂದು ನಿಲ್ಲುತ್ತದೆ. ಇಷ್ಟವಿಲ್ಲದ ಕೆಲಸವನ್ನು ಬಿಡಲಾಗದೆ, ಭಾಷೆ ಕಲಿಯಲು ಸಮಯ ಸಿಗದೆ, ಗೋದಾಮುಗಳಲ್ಲಿ ರಾತ್ರಿ ಪಾಳಿ ಮಾಡುತ್ತ ವರ್ಷಗಳನ್ನು ಕಳೆದ ಹುಡುಗರನ್ನು ನಾನು ಬಲ್ಲೆ. ಅವರಲ್ಲಿ ಯಾರೂ ಸೋಮಾರಿಗಳಲ್ಲ, ಬುದ್ಧಿ ಕಡಿಮೆಯವರೂ ಅಲ್ಲ. ಕಂತು ಅವರಿಗೆ ಉಸಿರು ತೆಗೆದುಕೊಳ್ಳಲು ಬಿಡಲಿಲ್ಲ.

‘ವೀಸಾ ಖಚಿತ’ ಎಂಬ ಮಾತಿನ ಬಗ್ಗೆ ಎರಡು ವಾಕ್ಯ ಸಾಕು. ವೀಸಾ ಕೊಡುವುದು ಆ ದೇಶದ ಅಧಿಕಾರಿ, ಜಯನಗರದಲ್ಲಿಯೋ ರಾಜಾಜಿನಗರದಲ್ಲಿಯೋ ಕುಳಿತ ಯಾರೂ ಅದನ್ನು ಖಚಿತಪಡಿಸಲಾರರು. ಜರ್ಮನಿಯ ದೀರ್ಘಾವಧಿ ವೀಸಾದ ಶುಲ್ಕ 75 ಯೂರೊ, ಅಂದರೆ ಒಂದು ಯೂರೊಗೆ 100 ರೂಪಾಯಿ ಎಂದು ಹಿಡಿದರೂ 7,500 ರೂಪಾಯಿ. ಅದರ ಮೇಲೆ ಕೇಳುವ ಪ್ರತಿ ರೂಪಾಯಿಗೂ ಲಿಖಿತ ವಿವರ ಕೇಳುವ ಹಕ್ಕು ನಿಮಗಿದೆ. ವಿದೇಶಿ ಉದ್ಯೋಗಕ್ಕೆ ಜನರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು, ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿಯನ್ನು ಮೀರುವಂತಿಲ್ಲ, ಅವರ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಓದಿಗೆ ಕಳಿಸುವ ಕನ್ಸಲ್ಟೆಂಟರಿಗೆ ಈ ಮಿತಿ ಅನ್ವಯಿಸುವುದಿಲ್ಲ. ಅವರಲ್ಲಿ ಹಲವರಿಗೆ ಖಾಸಗಿ ವಿದ್ಯಾಸಂಸ್ಥೆಗಳಿಂದ ಪ್ರತಿ ಸೀಟಿಗೆ ಕಮಿಷನ್ ಸಿಗುತ್ತದೆ. ಸರ್ಕಾರಿ ವಿಶ್ವವಿದ್ಯಾಲಯದ ಹೆಸರು ನಿಮ್ಮ ಮುಂದೆ ಏಕೆ ಬರಲಿಲ್ಲ ಎಂಬುದನ್ನು ಈ ಹಿನ್ನೆಲೆಯಲ್ಲಿ ಯೋಚಿಸಿ. ಎಲ್ಲ ಕನ್ಸಲ್ಟೆಂಟರೂ ಮೋಸಗಾರರಲ್ಲ, ಕಾಗದಪತ್ರ ಜೋಡಿಸಿಕೊಡುವುದರಲ್ಲಿ ಪ್ರಾಮಾಣಿಕವಾಗಿ ನೆರವಾಗುವವರೂ ನಮ್ಮ ನಗರದಲ್ಲಿದ್ದಾರೆ. ಆದರೆ ತಿಂಗಳ ಕೊನೆಯ ಗಡುವು ಹಾಕಿ ಮುಂಗಡ ಕೇಳುವವರು ಆ ಸಾಲಿನವರಲ್ಲ.

ಆ ಕೋರ್ಸ್ ನಿಮಗೆ ತಕ್ಕುದೂ ಅಲ್ಲ. 5 ವರ್ಷ ಮೈಕ್ರೋಮೀಟರ್ ಹಿಡಿದ, ಡ್ರಾಯಿಂಗ್ ಓದಿ ಮೈಕ್ರಾನ್ ಲೆಕ್ಕದಲ್ಲಿ ಭಾಗಗಳನ್ನು ಪಾಸು ಮಾಡಿದ ಎಂಜಿನಿಯರ್ ನೀವು. ಜರ್ಮನಿಯಲ್ಲಿ ಬೆಲೆ ಇರುವುದು ಅದಕ್ಕೆ. ಅದನ್ನು ಬದಿಗಿಟ್ಟು ಇಂಗ್ಲಿಷಿನಲ್ಲಿ ನಡೆಯುವ ಮ್ಯಾನೇಜ್‌ಮೆಂಟ್ ಪದವಿ ಪಡೆದರೆ, ಅದೇ ಪದವಿಯನ್ನು ಜರ್ಮನ್ ಭಾಷೆಯಲ್ಲಿ ಮುಗಿಸಿದ ಅಲ್ಲಿನ ಹುಡುಗರೊಂದಿಗೆ ಪೈಪೋಟಿಗೆ ಇಳಿಯಬೇಕಾಗುತ್ತದೆ. ಓದಲೇಬೇಕೆಂಬ ಆಸೆ ನಿಜವಾಗಿದ್ದರೆ ಸರ್ಕಾರಿ ವಿಶ್ವವಿದ್ಯಾಲಯಗಳನ್ನು ನೋಡಿ. ಅವುಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತದೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರಿಂದ ಅದಕ್ಕಿಂತ ಹೆಚ್ಚು ಕೇಳುತ್ತಿದೆ. ಭಾರತೀಯ ವಿದ್ಯಾರ್ಥಿಗಳು ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಎಂಬ ಪ್ರಮಾಣಪತ್ರವನ್ನು ಮೊದಲೇ ಪಡೆದಿರಬೇಕು, ಮತ್ತು ಒಂದು ವರ್ಷದ ಖರ್ಚಿಗೆ, 2025ರ ಲೆಕ್ಕದಲ್ಲಿ, 11,904 ಯೂರೊವನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಇಟ್ಟು ತೋರಿಸಬೇಕು. ಅದು ಶುಲ್ಕವಲ್ಲ, ತಿಂಗಳಿಗೆ 992 ಯೂರೊನಂತೆ ನಿಮಗೇ ಮರಳುವ ನಿಮ್ಮ ಹಣ.

ಆದರೆ ನಿಮ್ಮಂಥವರಿಗಾಗಿಯೇ ಇರುವಂತಹ ಇನ್ನೊಂದು ಬಾಗಿಲಿದೆ, ಅದರ ಹೆಸರನ್ನು ನಿಮ್ಮ ಕನ್ಸಲ್ಟೆಂಟ್ ಎತ್ತಿಯೇ ಇಲ್ಲ. ಜರ್ಮನಿ 2024ರ ಜೂನ್ 1ರಿಂದ ‘ಚಾನ್ಸೆನ್‌ಕಾರ್ಟೆ’, ಅಂದರೆ ಅವಕಾಶದ ಕಾರ್ಡ್ ಎಂಬುದನ್ನು ಕೊಡುತ್ತಿದೆ. ಕೆಲಸದ ಕರಾರಿಲ್ಲದೆಯೇ ಒಂದು ವರ್ಷದವರೆಗೆ ಅಲ್ಲಿದ್ದು ಕೆಲಸ ಹುಡುಕಲು, ಆ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಲು ಇದು ಅನುಮತಿ ಕೊಡುತ್ತದೆ. ನಿಮ್ಮ ಪದವಿ ಜರ್ಮನಿಯ ಪದವಿಗೆ ಪೂರ್ಣ ಸಮಾನವೆಂದು ಅವರ ‘ಅನಾಬಿನ್’ ಎಂಬ ದತ್ತಸಂಚಯದಲ್ಲಿ ನಿಮ್ಮ ವಿಶ್ವವಿದ್ಯಾಲಯ ಮತ್ತು ಪದವಿ ಎರಡೂ ದಾಖಲಾಗಿದ್ದರೆ ಅಂಕದ ಲೆಕ್ಕವೇ ಬೇಡ. ಇಲ್ಲದಿದ್ದರೆ 6 ಅಂಕ ಬೇಕು, ಜೊತೆಗೆ ಕನಿಷ್ಠ ಎ1 ಮಟ್ಟದ ಜರ್ಮನ್ ಅಥವಾ ಬಿ2 ಮಟ್ಟದ ಇಂಗ್ಲಿಷ್ ಇರಬೇಕು (ಭಾಷಾಜ್ಞಾನವನ್ನು ಅಲ್ಲಿ ಎ1, ಎ2, ಬಿ1, ಬಿ2 ಹೀಗೆ ಏರುವ ಮಟ್ಟಗಳಲ್ಲಿ ಅಳೆಯುತ್ತಾರೆ). ನಿಮ್ಮ ವಿವರಗಳನ್ನೇ ಇಟ್ಟು ಎಣಿಸಿದೆ. ವಯಸ್ಸು 35ನ್ನು ದಾಟಿಲ್ಲ, ಅದಕ್ಕೆ 2. ಕಳೆದ 7 ವರ್ಷಗಳಲ್ಲಿ ಓದಿಗೆ ಸಂಬಂಧಿಸಿದ ಕೆಲಸದಲ್ಲಿ 5 ವರ್ಷದ ಅನುಭವ, ಅದಕ್ಕೆ 3. ಅಲ್ಲಿಗೆ 5 ಅಂಕ ನಿಮ್ಮ ಜೇಬಿನಲ್ಲಿಯೇ ಇದೆ. ಜರ್ಮನ್ ಭಾಷೆಯಲ್ಲಿ ಎ2 ಪಾಸಾದರೆ ಇನ್ನೊಂದು ಸಿಗುತ್ತದೆ, ಬಿ1 ಆದರೆ ಎರಡು. ನೀವು ಮನೆ ಅಡವಿಟ್ಟು ಕೊಳ್ಳಲು ಹೊರಟಿರುವ ಪ್ರವೇಶ ಒಂದೂವರೆ ವರ್ಷದ ಭಾಷಾಭ್ಯಾಸದಷ್ಟು ದೂರದಲ್ಲಿದೆ.

ಈ ಕಾರ್ಡಿಗೂ ಹಣ ತೋರಿಸಬೇಕು. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೊ, ವರ್ಷಕ್ಕೆ 13,092, ಅಂದರೆ ಸುಮಾರು 13 ಲಕ್ಷ ರೂಪಾಯಿ. ಈ ಮೊತ್ತ ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಬೆಂಗಳೂರಿನಲ್ಲಿಯೇ ಇರುವ ಜರ್ಮನ್ ಕಾನ್ಸುಲೇಟ್ ಜನರಲ್‌ನ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ನಿಮ್ಮ ಬಳಿ 5 ಲಕ್ಷ ಇದೆ. ಮನೆಯಲ್ಲಿಯೇ ಇದ್ದು ತಿಂಗಳಿಗೆ 25,000 ಉಳಿಸಿದರೆ 18 ತಿಂಗಳಲ್ಲಿ ನಾಲ್ಕೂವರೆ ಲಕ್ಷ ಸೇರುತ್ತದೆ. ಕೊರತೆ ಬೀಳುವ ಮೂರ್ನಾಲ್ಕು ಲಕ್ಷವನ್ನು ತಂದೆಯಿಂದ ಕೈಸಾಲವಾಗಿ ಪಡೆಯಬಹುದು. ಅದೂ ಖರ್ಚಾಗಿ ಹೋಗುವ ಹಣವಲ್ಲ, ನಾಲ್ಕೈದು ತಿಂಗಳಲ್ಲಿ ಕೆಲಸ ಸಿಕ್ಕರೆ ಬಹುಪಾಲು ಹಾಗೆಯೇ ಉಳಿಯುವ ಹಣ. ಪಿಎಫ್ ಹಣವನ್ನು ಈ ಲೆಕ್ಕಕ್ಕೆ ತರಬೇಡಿ. ಅದು ನೀವು ವಾಪಸು ಬರಬೇಕಾಗಿ ಬಂದರೆ ಆಸರೆಗಿರಲಿ.

ಇದಕ್ಕಿಂತ ಒಳ್ಳೆಯ ದಾರಿ ಎಂದರೆ ಬೆಂಗಳೂರಿನಲ್ಲಿ ಕುಳಿತೇ ಕೆಲಸ ಹಿಡಿಯುವುದು. ಕರಾರು ಕೈಗೆ ಬಂದರೆ ಬ್ಲಾಕ್ಡ್ ಅಕೌಂಟ್ ಬೇಕಿಲ್ಲ. ಸಂಬಳ ನಿಗದಿತ ಮಟ್ಟವನ್ನು ಮುಟ್ಟಿದರೆ ಯುರೋಪ್ ಒಕ್ಕೂಟದ ಬ್ಲೂ ಕಾರ್ಡ್, ಅಂದರೆ ಪದವೀಧರ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ, ಸಿಗುತ್ತದೆ. 2025ರಲ್ಲಿ ಆ ಮಟ್ಟ ವರ್ಷಕ್ಕೆ 48,300 ಯೂರೊ ಇತ್ತು, ಜನರ ಕೊರತೆ ಇರುವ ಉದ್ಯೋಗಗಳಿಗೆ ಸುಮಾರು 43,760. ಬ್ಲೂ ಕಾರ್ಡ್ ಇದ್ದವರಿಗೆ 27 ತಿಂಗಳಲ್ಲಿ ಕಾಯಂ ವಾಸದ ಪರವಾನಗಿಗೆ ಅರ್ಹತೆ ಬರುತ್ತದೆ, ಬಿ1 ಜರ್ಮನ್ ಇದ್ದರೆ 21 ತಿಂಗಳು ಸಾಕು. ಭಾಷೆಯ ಬೆಲೆಯನ್ನು ಅಲ್ಲಿನ ಕಾನೂನೇ ಹೀಗೆ ತಿಂಗಳುಗಳಲ್ಲಿ ಎಣಿಸಿಟ್ಟಿದೆ.

ಭಾಷೆಯ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಅನುಭವವಿದೆ. ಅಲ್ಲಿಗೆ ಹೋದ ಮೂರನೆಯ ವಾರ, ಬೆಳಗಿನ 6 ಗಂಟೆಯ ಪಾಳಿ. ಒಂದು ಟ್ರೇ ತುಂಬ ಶಾಫ್ಟ್‌ಗಳು, ವ್ಯಾಸ ಎರಡು ಮೈಕ್ರಾನ್ ಹೆಚ್ಚಿದ್ದವು. ಮೇಸ್ತ್ರಿ ಟ್ರೇಯನ್ನು ನನ್ನ ಕಡೆ ತಳ್ಳಿ, ನೀಲಿ ಡಬ್ಬ ಮತ್ತು ಕೆಂಪು ಡಬ್ಬಗಳ ಕಡೆ ಕೈ ತೋರಿಸಿ, ಯಂತ್ರದ ಸದ್ದಿನ ನಡುವೆ ವೇಗವಾಗಿ ಏನೋ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ‘ಔಸ್‌ಶುಸ್’ ಎಂಬ ಒಂದೇ ಪದ, ಅಂದರೆ ಗುಜರಿಗೆ ಹೋಗುವ ಮಾಲು. ತಲೆಯಾಡಿಸಿ ಅಷ್ಟನ್ನೂ ಕೆಂಪು ಡಬ್ಬಕ್ಕೆ ಹಾಕಿದೆ. ಅವರು ಹೇಳಿದ್ದು ‘ನಾಖ್‌ಆರ್ಬೈಟ್, ಔಸ್‌ಶುಸ್ ಅಲ್ಲ’ ಎಂದು: ಮತ್ತೆ ಗ್ರೈಂಡ್ ಮಾಡಿದರೆ ಸರಿಹೋಗುವ ಮಾಲು, ಎಸೆಯಬೇಡ ಎಂದು. ಮಧ್ಯಾಹ್ನದ ಹೊತ್ತಿಗೆ ಆ ಡಬ್ಬ ಖಾಲಿಯಾಗಿತ್ತು, ಶಾಫ್ಟ್‌ಗಳು ಗುಜರಿಯ ರಾಶಿಯಲ್ಲಿದ್ದವು. ಅವರು ಬೈಯಲಿಲ್ಲ. ಮರುದಿನದಿಂದ ನನಗೆ ಅಳತೆಯ ಕೆಲಸ ಕೊಡದೆ ಪ್ಯಾಕಿಂಗಿಗೆ ಕಳಿಸಿದರು, ಮರಳಿ ಅಳತೆಯ ಮೇಜಿಗೆ ಬರಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಗುಣಮಟ್ಟ ವಿಭಾಗದವರಾದ ನಿಮಗೆ ಈ ಎರಡು ಪದಗಳ ನಡುವಿನ ಅಂತರ ಎಷ್ಟೆಂದು ನಾನು ವಿವರಿಸಬೇಕಿಲ್ಲ. ಕಂಪ್ಯೂಟರ್ ಕೆಲಸದವರು ಇಂಗ್ಲಿಷಿನಲ್ಲಿ ನಿಭಾಯಿಸಬಹುದು, ಶಾಪ್ ಫ್ಲೋರ್‌ನಲ್ಲಿ ಅದು ನಡೆಯುವುದಿಲ್ಲ.

ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಗೋಥೆ ಸಂಸ್ಥೆ, ಅಂದರೆ ನಮ್ಮವರು ಮ್ಯಾಕ್ಸ್‌ಮುಲ್ಲರ್ ಭವನ ಎಂದು ಕರೆಯುವ ಕೇಂದ್ರ ಇದೆ. ಪೀಣ್ಯದಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ನೇರಳೆ ಮಾರ್ಗ ಹಿಡಿದರೆ ಇಂದಿರಾನಗರ ನಿಲ್ದಾಣ. ಬಿ1 ಮಟ್ಟ ಮುಟ್ಟಲು 45 ನಿಮಿಷದ ಪಾಠಗಳು 350ರಿಂದ 650ರವರೆಗೆ ಬೇಕಾಗುತ್ತವೆ ಎಂದು ಆ ಸಂಸ್ಥೆಯೇ ಹೇಳುತ್ತದೆ. ಪಾಳಿಯ ಕೆಲಸ ಮಾಡುತ್ತ ಇದನ್ನು ಮುಗಿಸಲು 15ರಿಂದ 18 ತಿಂಗಳು ಬೇಕು. ಮೂರು ತಿಂಗಳಲ್ಲಿ ಬಿ1 ಎಂದು ಜಾಹೀರಾತು ಕೊಡುವವರನ್ನು ನಂಬಬೇಡಿ. ಮೆಟ್ರೊದಲ್ಲಿ ಹೋಗಿಬರುವ ಹೊತ್ತು ಪದಗಳಿಗೆ ಮೀಸಲಿರಲಿ. ಜರ್ಮನ್ನಿನಲ್ಲಿ ಪ್ರತಿ ನಾಮಪದಕ್ಕೂ ‘ಡೆರ್, ಡೀ, ದಾಸ್’ ಎಂಬ ಮೂರರಲ್ಲಿ ಒಂದು ಲಿಂಗಸೂಚಕ ಅಂಟಿಕೊಂಡಿರುತ್ತದೆ, ಪದದ ಜೊತೆಗೇ ಅದನ್ನೂ ಬಾಯಿಪಾಠ ಮಾಡದಿದ್ದರೆ ಮುಂದೆ ಬಹಳ ತೊಡಕಾಗುತ್ತದೆ. ವಿಭಕ್ತಿ ಪ್ರತ್ಯಯಗಳು ಮಾತ್ರ ಕನ್ನಡದವರಿಗೆ ಅಷ್ಟು ಅಪರಿಚಿತ ಅನ್ನಿಸುವುದಿಲ್ಲ. ಶಾಲೆಯಲ್ಲಿ ‘ಅನ್ನು, ಇಂದ, ಗೆ’ ಎಂದು ಪಟ್ಟಿ ಬರೆದವರಿಗೆ ನಾಮಪದದ ಪಾತ್ರ ಬದಲಾದಂತೆ ಅದರ ಗುರುತೂ ಬದಲಾಗುತ್ತದೆ ಎಂಬ ತತ್ವ ಬೇಗ ತಲೆಗೆ ಹತ್ತುತ್ತದೆ, ಇದನ್ನು ನಾನು ತರಗತಿಗಳಲ್ಲಿ ಕಂಡಿದ್ದೇನೆ.

ಕೆಲಸ ಹುಡುಕುವಾಗ ವಾಹನ ಉದ್ಯಮವೊಂದನ್ನೇ ನೆಚ್ಚಬೇಡಿ. ಅಲ್ಲಿ ಈಗ ಒಳ್ಳೆಯ ದಿನಗಳಿಲ್ಲ: 2030ರೊಳಗೆ ಜರ್ಮನಿಯಲ್ಲಿ 35,000ಕ್ಕೂ ಹೆಚ್ಚು ಹುದ್ದೆಗಳನ್ನು ಕಡಿಮೆ ಮಾಡುವ ಒಪ್ಪಂದಕ್ಕೆ ಫೋಕ್ಸ್‌ವ್ಯಾಗನ್ 2024ರ ಡಿಸೆಂಬರ್‌ನಲ್ಲಿ ಬಂತು, ಬಾಷ್ 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಸುಮಾರು 13,000 ಹುದ್ದೆಗಳ ಕಡಿತವನ್ನು ಘೋಷಿಸಿತು. ಆದರೆ ನಿಮ್ಮ ಅಳತೆಯ ಕೌಶಲ ಕಾರಿನ ಭಾಗಕ್ಕಷ್ಟೇ ಸೀಮಿತವಲ್ಲ. ಟುಟ್ಲಿಂಗನ್ ಎಂಬ ಸಣ್ಣ ಊರಿನಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ ಮಾಡುವ ನೂರಾರು ಕಂಪನಿಗಳಿವೆ. ರೈಲು, ಪಂಪು, ಅಳತೆಯ ಉಪಕರಣಗಳನ್ನು ಮಾಡುವ ಕುಟುಂಬ ಒಡೆತನದ ಕಾರ್ಖಾನೆಗಳು ಹೆಸರೇ ಕೇಳದ ಊರುಗಳಲ್ಲಿ ಹರಡಿಕೊಂಡಿವೆ. ಬರ್ಲಿನ್, ಮ್ಯೂನಿಕ್ ಎಂದು ಎಲ್ಲರೂ ಓಡುವ ಕಡೆ ಮನೆ ಸಿಗುವುದೇ ದುಸ್ತರ. ಸಣ್ಣ ಊರಿನಲ್ಲಿ ಬಾಡಿಗೆ ಕಡಿಮೆ, ಮತ್ತು ಭಾಷೆ ಆಡದೆ ವಿಧಿಯಿಲ್ಲದ ಕಾರಣ ಬೇಗ ಬರುತ್ತದೆ.

ಕೆನಡಾ ವಿಷಯವನ್ನು ನಾನು ದೀರ್ಘವಾಗಿ ಬರೆಯುವುದಿಲ್ಲ. ವಿದ್ಯಾರ್ಥಿ ಪರವಾನಗಿಗಳಿಗೆ 2024ರ ಜನವರಿಯಲ್ಲಿ ಮಿತಿ ಬಂತು, ನಮ್ಮವರಿಗೆ ಬೇಗ ತೀರ್ಮಾನ ಸಿಗುತ್ತಿದ್ದ ಎಸ್‌ಡಿಎಸ್ ಸೌಲಭ್ಯ ಅದೇ ವರ್ಷದ ನವೆಂಬರ್ 8ಕ್ಕೆ ನಿಂತಿತು, ಖರ್ಚಿಗೆ ತೋರಿಸಬೇಕಾದ ಹಣ 2025ರ ಸೆಪ್ಟೆಂಬರ್‌ನಿಂದ 22,895 ಕೆನಡಾ ಡಾಲರ್ ಆಯಿತು. ಕಾಲೇಜುಗಳ ಡಿಪ್ಲೊಮಾ ಮುಗಿಸಿದವರಲ್ಲಿ ನಿಗದಿತ ವಿಷಯಗಳನ್ನು ಓದಿದವರಿಗೆ ಮಾತ್ರ ಓದಿನ ನಂತರದ ಕೆಲಸದ ಪರವಾನಗಿ ಸಿಗುತ್ತದೆ. ಐದು ವರ್ಷದ ಹಿಂದಿನ ಕೆನಡಾದ ಕಥೆಯನ್ನು ಇಂದಿನ ಬೆಲೆಗೆ ಮಾರುತ್ತಿದ್ದಾರೆ.

ಇನ್ನು, ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಮಾತಿಗೆ ಬರುತ್ತೇನೆ. ನಿಮ್ಮ ವಿಷಯ ಯಾರಿಗೂ ಗೊತ್ತಿಲ್ಲದ ಊರು ಬೇಕು ಎಂದಿದ್ದೀರಿ. ಆ ಬಯಕೆಯಲ್ಲಿ ತಪ್ಪೇನೂ ಇಲ್ಲ. ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಪಕ್ಕದವರು ಎಲೆಯ ಮೇಲೆ ಬಾಗಿ ‘ಏನಾಯ್ತಪ್ಪಾ’ ಎಂದು ಕೇಳುವುದನ್ನು ತಿಂಗಳುಗಟ್ಟಲೆ ಸಹಿಸುವುದು ಸುಲಭವಲ್ಲ. ಜರ್ಮನಿಯಲ್ಲಿ ಹಾಗೆ ಯಾರೂ ಕೇಳುವುದಿಲ್ಲ, ಅದು ನಿಜ. ಆದರೆ ಅಲ್ಲಿ ಬಹಳ ದಿನ ಏನನ್ನೂ ಯಾರೂ ಕೇಳುವುದಿಲ್ಲ. ಡಿಸೆಂಬರ್‌ನಲ್ಲಿ ಬೆಳಗಿನ 8 ಗಂಟೆ ದಾಟಿದ ಮೇಲೆ ಸೂರ್ಯ ಹುಟ್ಟಿ ಸಂಜೆ ನಾಲ್ಕೂವರೆಗೆ ಮುಳುಗುತ್ತಾನೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ರಾತ್ರಿ 10ರ ಮೇಲೆ ಸದ್ದು ಮಾಡುವಂತಿಲ್ಲ, ಶನಿವಾರ ಸಂಜೆ ಹಾಲು ತರಲು ಮರೆತರೆ ಸೋಮವಾರದವರೆಗೆ ಕಾಫಿ ಇಲ್ಲ. ಕೋಣೆಯಲ್ಲಿ ಹೀಟರಿನ ಶಬ್ದ ಬಿಟ್ಟರೆ ಬೇರೇನೂ ಕೇಳದ ಆ ಹೊತ್ತಿನಲ್ಲಿ, ಬೆಂಗಳೂರಿನ ಗದ್ದಲ ಮುಚ್ಚಿಟ್ಟಿದ್ದ ನೋವು ಮೇಲೆ ಬರುತ್ತದೆ. ಜೊತೆಗೆ ಹೊಸ ಊರಿನ ಸ್ನೇಹಿತರು, ಹೊಸ ಕೆಲಸ, ಹೊಸ ಭಾಷೆಯ ಹೆಮ್ಮೆ ಇದ್ದರೆ ಅದನ್ನು ದಾಟಬಹುದು. 30 ಲಕ್ಷದ ಸಾಲ ಮತ್ತು ಅರ್ಥವಾಗದ ಭಾಷೆ ಮಾತ್ರ ಜೊತೆಗಿದ್ದರೆ ಬಹಳ ಕಷ್ಟ.

ಆದ್ದರಿಂದ ಒಂದು ಕೆಲಸ ಮಾಡಿ. ಮುಂದಿನ ಮೂರು ತಿಂಗಳ ಮಟ್ಟಿಗೆ ಜಾಲಹಳ್ಳಿಯಲ್ಲಿಯೋ ದಾಸರಹಳ್ಳಿಯಲ್ಲಿಯೋ ಕಾರ್ಖಾನೆಗೆ ಹತ್ತಿರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯಿರಿ. ಈವರೆಗೆ ನೀವು ತಂದೆತಾಯಿಯ ಮನೆಯಲ್ಲಿಯೇ ಇದ್ದೀರಿ ಎಂದು ಪತ್ರದಿಂದ ಊಹಿಸುತ್ತೇನೆ. ಅಡುಗೆ ನೀವೇ ಮಾಡಿ, ಬಟ್ಟೆ ನೀವೇ ಒಗೆಯಿರಿ, ಪಾಳಿ ಮುಗಿಸಿ ಬಂದು ಒಬ್ಬರೇ ಕುಳಿತು ಜರ್ಮನ್ ಪಾಠ ಬರೆಯಿರಿ, ನೆಂಟರ ಕರೆಗಳಿಗೆ ಹೋಗದಿರುವ ಸ್ವಾತಂತ್ರ್ಯವನ್ನೂ ತೆಗೆದುಕೊಳ್ಳಿ. ಮೂವತ್ತು ನಲವತ್ತು ಸಾವಿರ ಖರ್ಚಾಗಿ ನಿಮ್ಮ ಉಳಿತಾಯದ ಲೆಕ್ಕ ಒಂದೆರಡು ತಿಂಗಳು ಹಿಂದೆ ಬೀಳುತ್ತದೆ, ಬೀಳಲಿ. ನಿಮಗೆ ಬೇಕಾಗಿದ್ದದ್ದು ಮನೆಯಿಂದ ದೂರವೋ ದೇಶದಿಂದ ದೂರವೋ ಎಂಬುದು ಆ ಮೂರು ತಿಂಗಳಲ್ಲಿ ತಿಳಿಯುತ್ತದೆ. ನನ್ನ ಬಳಿ ಬಂದವರಲ್ಲಿ ಒಬ್ಬಾಕೆ ಹೀಗೆ ಬೇರೆ ಕೋಣೆ ಹಿಡಿದ ಮೇಲೆ ವಿದೇಶದ ಯೋಚನೆಯನ್ನೇ ಬಿಟ್ಟಳು; ಇನ್ನೊಬ್ಬ ಅದೇ ಕೋಣೆಯಲ್ಲಿ ಬಿ1 ಮುಗಿಸಿ ಈಗ ಅಲ್ಲಿನ ಒಂದು ಪಂಪು ಕಾರ್ಖಾನೆಯಲ್ಲಿದ್ದಾನೆ. ಇಬ್ಬರೂ ಚೆನ್ನಾಗಿದ್ದಾರೆ.

ಈ ನಡುವೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬೆಳಿಗ್ಗೆ ಏಳುವುದೇ ಬೇಡವೆನ್ನಿಸಿದರೆ ಅದನ್ನು ಪ್ರವಾಸದಿಂದ ವಾಸಿಮಾಡಲು ಹೋಗಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು, ಶುಲ್ಕವಿಲ್ಲ. ಆಪ್ತಸಲಹೆಗೆಂದು ನಿಮ್ಹಾನ್ಸ್ ಸಂಸ್ಥೆ ಬಿಟಿಎಂ ಬಡಾವಣೆಯಲ್ಲಿ ಪ್ರತ್ಯೇಕ ಕೇಂದ್ರ ನಡೆಸುತ್ತಿದೆ. ಆಸ್ಪತ್ರೆಗೆ ಹೋಗುವುದಕ್ಕೆ ಹಿಂಜರಿಯುವವರಿಗಾಗಿಯೇ ಅದನ್ನು ಊರೊಳಗೆ ಬೇರೆಯಾಗಿ ಇಟ್ಟಿರುವುದು ಒಳ್ಳೆಯದೇ ಆಗಿದೆ.

ತಂದೆತಾಯಿಯ ವಿಷಯದಲ್ಲಿ ಒಂದು ಮುಖ್ಯ ಎಚ್ಚರಿಕೆ ಇದೆ. ನಿಮ್ಮ ಕಾರ್ಖಾನೆಯ ಗುಂಪು ಆರೋಗ್ಯ ವಿಮೆಯಲ್ಲಿ ಅವರ ಹೆಸರೂ ಇದ್ದರೆ, ನೀವು ರಾಜೀನಾಮೆ ಕೊಟ್ಟು ಹೊರಬಿದ್ದ ದಿನವೇ ಆ ರಕ್ಷಣೆ ಮುಗಿಯುತ್ತದೆ. ಅರವತ್ತು ದಾಟಿದವರಿಗೆ ಆಮೇಲೆ ಹೊಸ ಪಾಲಿಸಿ ಮಾಡಿಸಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ಮೊದಲೇ ಇರುವ ಕಾಯಿಲೆಗಳಿಗೆ 3 ವರ್ಷದವರೆಗೂ ಪರಿಹಾರ ಸಿಗದಿರಬಹುದು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ, ಆಗ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಆದರೆ ಅರ್ಜಿ ಯಾವಾಗ ಹಾಕಬೇಕೆಂದು ಕೆಲಸದಲ್ಲಿ ಇರುವಾಗಲೇ ವಿಮಾ ಕಂಪನಿಯಲ್ಲಿ ಕೇಳಿಕೊಳ್ಳಿ. ಮನೆ ಅಡವಿಡುವುದು ಬೇಡವೆಂದು ನೀವು ಹೇಳಿದಾಗ ತಂದೆಗೆ ಒಳಗೊಳಗೇ ಸಮಾಧಾನ ಆಗುತ್ತದೆಂದು ನನಗನ್ನಿಸುತ್ತದೆ. ಮಗನ ಮುಖ ನೋಡಲಾರದೆ ಒಪ್ಪಿರುತ್ತಾರೆ. ಅವರ ಎದುರು ಕುಳಿತು ಈ 18 ತಿಂಗಳ ಲೆಕ್ಕವನ್ನು ಅಂಕಿಗಳ ಸಮೇತ ತೋರಿಸಿ.

ಕೊನೆಯದಾಗಿ, ಕಾರ್ಖಾನೆ ಬಿಡುವ ದಿನಕ್ಕೆ ಕಾಯದೆ ಈಗಿನಿಂದಲೇ ಅನುಭವ ಪತ್ರದ ಕೆಲಸ ಶುರುಮಾಡಿ. ನಾನು ಮೇಲೆ ಎಣಿಸಿದ 3 ಅಂಕಗಳು ನಿಂತಿರುವುದು ಆ ಒಂದು ಹಾಳೆಯ ಮೇಲೆ. ‘ಇವರು ನಮ್ಮಲ್ಲಿ 5 ವರ್ಷ ಕೆಲಸ ಮಾಡಿದ್ದಾರೆ, ನಡತೆ ಉತ್ತಮ’ ಎಂಬ ಎರಡು ಸಾಲಿನ ಪತ್ರ ಜರ್ಮನಿಯಲ್ಲಿ ಸಾಲದು. ಸೇರಿದ ದಿನಾಂಕ, ಹುದ್ದೆ, ವಾರಕ್ಕೆ ಎಷ್ಟು ಗಂಟೆ ಎಂಬುದರ ಜೊತೆಗೆ ನೀವು ಬಳಸಿದ ಉಪಕರಣಗಳು ಯಾವುವು, ಭಾಗಗಳನ್ನು ಅಳೆಯುವ ಸಿಎಂಎಂ ಯಂತ್ರದಲ್ಲಿ ನೀವೇ ಪ್ರೋಗ್ರಾಂ ಬರೆಯುತ್ತಿದ್ದಿರೋ ಬರೆದದ್ದನ್ನು ನಡೆಸುತ್ತಿದ್ದಿರೋ, ಎಷ್ಟು ಮೈಕ್ರಾನ್ ಟಾಲರೆನ್ಸಿನ ಭಾಗಗಳು, ಯಾವ ಉದ್ಯಮಕ್ಕೆ ಹೋಗುತ್ತಿದ್ದವು, ತಿರಸ್ಕೃತ ಮಾಲಿನ ವರದಿ ಯಾರಿಗೆ ಕೊಡುತ್ತಿದ್ದಿರಿ ಎಂಬುದೆಲ್ಲ ಅದರಲ್ಲಿ ಇರಬೇಕು. ಕರಡನ್ನು ನೀವೇ ಬರೆದು ಮ್ಯಾನೇಜರ್ ಬಳಿ ಒಯ್ಯಿರಿ. ಪೀಣ್ಯದಲ್ಲಿ ಯಾವ ಮ್ಯಾನೇಜರಿಗೂ ಇಷ್ಟು ವಿವರ ಕುಳಿತು ಬರೆಯುವ ಬಿಡುವಿರುವುದಿಲ್ಲ, ಬರೆದು ತಂದದ್ದನ್ನು ಓದಿ ತಿದ್ದಿ ಲೆಟರ್‌ಹೆಡ್ ಮೇಲೆ ಸಹಿ ಮಾಡಿಕೊಡುವವರು ಬಹಳ ಜನ ಇದ್ದಾರೆ. ಇಂದಿನ ಪಾಳಿಯಲ್ಲಿ ಕೈಗೆ ಬಂದ ಮೊದಲ ಭಾಗದಿಂದಲೇ ಆ ಪಟ್ಟಿಯನ್ನು ಬರೆಯಲು ಶುರು ಮಾಡಬಹುದು.